ತೂಕ ಸರಿಯಿದೆ, ಹೊಟ್ಟೆ ಮಾತ್ರ ಮುಂದಿದೆ: ಬೊಜ್ಜಿನ ಬಗ್ಗೆ ಮುಂಬೈ ಓದುಗರ ಮೂರು ಪ್ರಶ್ನೆ

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ಊರು ಕುಂದಾಪುರದ ಕಡೆ. ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತೇನೆ, ಮನೆ ಡೊಂಬಿವಲಿ. ಎತ್ತರ 168 ಸೆಂ.ಮೀ., ತೂಕ 66 ಕೆ.ಜಿ. ಊರಿಗೆ ಹೋದಾಗಲೆಲ್ಲ ಅಮ್ಮ "ಒಣಗಿ ಹೋಗಿದ್ದೀಯಲ್ಲ ಮಗಾ" ಅಂತಾರೆ. ಆದರೆ ಹೊಟ್ಟೆಯ ಸುತ್ತಳತೆ 94 ಸೆಂ.ಮೀ. ಇದೆ. ಮೊನ್ನೆ ಚೆಕಪ್ ಮಾಡಿಸಿದಾಗ ಫ್ಯಾಟಿ ಲಿವರ್ ಅಂತ ಬಂತು, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.1. ಸಣ್ಣಗಿರುವ ನನಗೆ ಇದೆಲ್ಲ ಹೇಗೆ ಬಂತು? ಲ್ಯಾಬಿನವರು ರಿಪೋರ್ಟ್ ಅದಲು ಬದಲು ಮಾಡಿರಬಹುದಾ?

ಉತ್ತರ: ಅದಲು ಬದಲು ಆಗಿರಲಾರದು. ನೀವು ಬರೆದ ಅಳತೆಗೂ ರಿಪೋರ್ಟಿಗೂ ಸರಿಯಾಗಿ ತಾಳೆಯಾಗುತ್ತದೆ. ನಿಮ್ಮಂಥವರು ನನ್ನ ಹತ್ತಿರ ವಾರಕ್ಕೆ ನಾಲ್ಕೈದು ಜನ ಬರುತ್ತಾರೆ. ಕೈಕಾಲು ಸಣ್ಣ, ಮುಖ ಸಣ್ಣ, ಶರ್ಟಿನ ಕೆಳಗಿನ ಎರಡು ಗುಂಡಿ ಮಾತ್ರ ಬಿಗಿ. ಸುತ್ತಳತೆ ಎಷ್ಟು ಅಂತ ಕೇಳಿದರೆ ಪ್ಯಾಂಟಿನ ನಂಬರ್ ಹೇಳುತ್ತಾರೆ. ಪ್ಯಾಂಟ್ ನಿಲ್ಲುವುದು ಹೊಟ್ಟೆಯ ಕೆಳಗೆ, ಅಲ್ವಾ? ಟೇಪ್ ಹಿಡಿಯಬೇಕಾದ ಜಾಗ ಬೇರೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಎರಡರ ನಡುವೆ, ಉಸಿರು ಬಿಟ್ಟ ಮೇಲೆ. ಅಲ್ಲಿ ಹಿಡಿದಾಗ 34 ಇಂಚು ಅಂದವರದ್ದು 38 ಬರುತ್ತದೆ.

ನಿಮ್ಮ ಬಿಎಂಐ, ಅಂದರೆ ತೂಕ ಮತ್ತು ಎತ್ತರದ ಲೆಕ್ಕ, 23.4. ಯುರೋಪಿನವರ ಪಟ್ಟಿ ಹಿಡಿದರೆ ನೀವು ಪೂರ್ತಿ ಆರೋಗ್ಯವಂತರು. ಆದರೆ ಆ ಲೆಕ್ಕ ಕೊಬ್ಬು ಎಷ್ಟು, ಮಾಂಸ ಎಷ್ಟು ಅಂತ ಹೇಳುವುದಿಲ್ಲ. ಕೊಬ್ಬು ಎಲ್ಲಿ ಕೂತಿದೆ ಅಂತಂತೂ ಹೇಳುವುದೇ ಇಲ್ಲ. ಇದನ್ನು ಚೆನ್ನಾಗಿ ತೋರಿಸಿದವರು ನಮ್ಮ ಪಕ್ಕದ ಪುಣೆಯವರೇ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ತಮ್ಮ ಅಳತೆ ಬರೆದರು. ಇಬ್ಬರ ಬಿಎಂಐ ಕೂಡ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರದ್ದು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2. ತಕ್ಕಡಿಗೆ ಇಬ್ಬರೂ ಒಂದೇ, ಒಳಗೆ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಇದು ಹುಟ್ಟಿನಿಂದಲೇ ಬರುತ್ತದೆ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ 1993ರಿಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಗಮನಿಸುತ್ತಾ ಬಂದ ಯಾಜ್ಞಿಕ್ ತಂಡಕ್ಕೆ ಕಂಡಿದ್ದೇನೆಂದರೆ, ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕೆ.ಜಿ., ಇಂಗ್ಲೆಂಡಿನ ಕೂಸುಗಳದ್ದು 3.5. ನಮ್ಮವು ಇಷ್ಟು ಸಣ್ಣ. ಮಾಂಸ ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಸಣ್ಣ. ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆ ಇರಲಿಲ್ಲ. ತಲೆಮಾರುಗಳ ಅರೆಹೊಟ್ಟೆಯಿಂದ ಬಂದ ಮೈ ಇದು. ಅಂಥ ಮೈ ಬೊಂಬಾಯಿಗೆ ಬಂದು ದಿನಕ್ಕೆ ಹತ್ತು ತಾಸು ಗಲ್ಲಾದಲ್ಲಿ ಕೂತಾಗ ಏನಾಗುತ್ತದೆ?

ಒಂದು ರೂಮ್, ಕಿಚನ್ ಮನೆ ನಿಮಗೆ ಗೊತ್ತೇ ಇದೆ. ಸಾಮಾನು ಜಾಸ್ತಿಯಾದರೆ ಮೊದಲು ಅಟ್ಟಕ್ಕೆ ಹಾಕುತ್ತೇವೆ. ಅಟ್ಟ ತುಂಬಿದ ಮೇಲೆ ಮಂಚದ ಕೆಳಗೆ, ಆಮೇಲೆ ಗ್ಯಾಸ್ ಸಿಲಿಂಡರ್ ಪಕ್ಕ, ಕೊನೆಗೆ ನಡೆದಾಡುವ ಜಾಗದಲ್ಲಿ. ಚರ್ಮದ ಕೆಳಗಿನ ಕೊಬ್ಬು ಅಟ್ಟ ಇದ್ದ ಹಾಗೆ, ಅಲ್ಲಿದ್ದರೆ ಅಷ್ಟು ತೊಂದರೆ ಕೊಡುವುದಿಲ್ಲ. ನಮ್ಮವರಲ್ಲಿ ಅನೇಕರಿಗೆ ಆ ಅಟ್ಟವೇ ಚಿಕ್ಕದು. ಬೇಗ ತುಂಬುತ್ತದೆ. ಉಳಿದದ್ದು ಲಿವರ್, ಮೇದೋಜೀರಕ ಗ್ರಂಥಿ, ಕರುಳಿನ ಸುತ್ತಮುತ್ತ ಹೋಗಿ ಕೂರುತ್ತದೆ. ಲಿವರಿನಲ್ಲಿ ಕೊಬ್ಬು ಕೂತರೆ ಅದು ಇನ್ಸುಲಿನ್ ಮಾತು ಕೇಳುವುದಿಲ್ಲ, ಬೇಡದಿದ್ದಾಗಲೂ ರಕ್ತಕ್ಕೆ ಸಕ್ಕರೆ ಬಿಡುತ್ತಾ ಇರುತ್ತದೆ. ನಿಮ್ಮ 6.1 ಬಂದದ್ದು ಹೀಗೆ. ಅದಿನ್ನೂ ಡಯಾಬಿಟಿಸ್ ಅಲ್ಲ. 6.5 ಆದರೆ ಡಯಾಬಿಟಿಸ್.

2025ರ ಜನವರಿಯಲ್ಲಿ ಎರಡು ಮುಖ್ಯ ವರದಿ ಬಂದವು. ಒಂದು ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ್ದು. ಬಿಎಂಐ ಒಂದನ್ನೇ ನೋಡಿ ಬೊಜ್ಜು ಅಂತ ತೀರ್ಮಾನ ಮಾಡಬೇಡಿ, ಸುತ್ತಳತೆ ನೋಡಿ, ಅಂಗಗಳಿಗೆ ಪೆಟ್ಟು ಬಿದ್ದಿದೆಯಾ ನೋಡಿ ಅಂತ ಅವರು ಹೇಳಿದರು. ಇನ್ನೊಂದು ನಮ್ಮ ದೇಶದ ತಜ್ಞರದ್ದು. ಬಿಎಂಐ 23 ದಾಟಿದರೆ ನಮ್ಮವರಿಗೆ ಬೊಜ್ಜಿನ ಮೊದಲ ಹಂತ, ಅದರ ಜೊತೆ ಹೊಟ್ಟೆ ಬಂದು ಕಾಯಿಲೆಯೂ ಕಾಣಿಸಿಕೊಂಡರೆ ಎರಡನೇ ಹಂತ ಅಂತ ಅದರಲ್ಲಿದೆ. ನಮ್ಮ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80, ಇದು ಸುತ್ತಳತೆಯ ಗಡಿ. ಟೇಪ್ ಇಲ್ಲದಿದ್ದರೆ ಒಂದು ದಾರ ಸಾಕು. ನಿಮ್ಮ ಎತ್ತರದಷ್ಟು ದಾರ ತೆಗೆದುಕೊಂಡು ಸರಿಯಾಗಿ ಅರ್ಧಕ್ಕೆ ಮಡಚಿ. ಆ ಅರ್ಧ ದಾರ ಹೊಟ್ಟೆಯನ್ನು ಸುತ್ತಿ ಬರಬೇಕು. ನಿಮ್ಮ ಅರ್ಧ ಎತ್ತರ 84, ಹೊಟ್ಟೆ 94. ದಾರದ ಎರಡು ತುದಿ ನಡುವೆ ಹತ್ತು ಸೆಂ.ಮೀ. ಜಾಗ ಉಳಿಯುತ್ತದೆ. ಅದನ್ನೇ ಕಡಿಮೆ ಮಾಡುತ್ತಾ ಬನ್ನಿ, ತೂಕದ ಮೆಷಿನ್ ಸದ್ಯಕ್ಕೆ ಮರೆತುಬಿಡಿ.

ತೂಕ ಇಳಿಯದಿದ್ದರೂ ಗುಣ ಸಿಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಆಧಾರ ಇದೆ. ಚೆನ್ನೈಯಲ್ಲಿ ಡಾ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶುಗರ್ ಗಡಿಯಲ್ಲಿದ್ದವರಿಗೆ ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ, ಸಕ್ಕರೆ, ಮೈದಾ, ಎಣ್ಣೆ ಕಡಿಮೆ ಮಾಡಿ ಅಂದರು, ಅಷ್ಟೇ. ಮೂರು ವರ್ಷದಲ್ಲಿ, ಏನೂ ಮಾಡದವರಲ್ಲಿ ನೂರಕ್ಕೆ 55 ಜನರಿಗೆ ಡಯಾಬಿಟಿಸ್ ಬಂತು, ಇವರಲ್ಲಿ 39. ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ.

ಗಲ್ಲಾದವರ ದಿನಚರಿ ನನಗೆ ಗೊತ್ತು. ಹೋಟೆಲ್ ಮುಚ್ಚಿ, ಲೋಕಲ್ ಹಿಡಿದು ಮನೆಗೆ ಹೋಗಿ ರಾತ್ರಿ ಹನ್ನೆರಡಕ್ಕೆ ತಟ್ಟೆ ತುಂಬ ಅನ್ನ ಸಾರು ಉಂಡು ಹಾಗೇ ಮಲಗುವುದು. ಇದನ್ನು ಮೊದಲು ಬದಲಾಯಿಸಿ. ಎಂಟು ಗಂಟೆಯ ಹೊತ್ತಿಗೆ ಹೋಟೆಲಿನಲ್ಲೇ ಊಟ ಮುಗಿಸಿ, ಅನ್ನ ಅರ್ಧ ಮಾಡಿ, ಪಲ್ಯ ಮತ್ತು ಬೇಳೆ ಜಾಸ್ತಿ ಹಾಕಿಸಿಕೊಳ್ಳಿ, ಮನೆಗೆ ಹೋದ ಮೇಲೆ ಒಂದು ಲೋಟ ಮಜ್ಜಿಗೆ ಸಾಕು. ಸಕ್ಕರೆ ಹಾಕಿದ ಕಟಿಂಗ್ ಚಹಾ ದಿನಕ್ಕೆ ಎಷ್ಟಾಗುತ್ತದೆ ಎಣಿಸಿ ನೋಡಿ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಮಾಟುಂಗದ ಫೈವ್ ಗಾರ್ಡನ್ಸ್‌ಗೆ ಒಂದು ಸುತ್ತು ಹೋಗಿ ಬನ್ನಿ. ಮೂರು ತಿಂಗಳ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಮುಲುಂಡ್‌ನಲ್ಲಿರುವ ಗೃಹಿಣಿ, ವಯಸ್ಸು 46, ಎತ್ತರ 155 ಸೆಂ.ಮೀ., ತೂಕ 84 ಕೆ.ಜಿ. ಬಿಪಿ ಇದೆ, ಮೊಣಕಾಲು ನೋವು ಇದೆ. ಮೂರು ಸಲ ಡಯಟ್ ಮಾಡಿ ಹತ್ತು ಹನ್ನೆರಡು ಕೆ.ಜಿ. ಇಳಿಸಿದೆ, ಮೂರು ಸಲವೂ ವಾಪಸ್ ಬಂತು. ಮನೆಯಲ್ಲಿ "ನಿನಗೆ ಬಾಯಿ ಕಟ್ಟಲು ಆಗುವುದಿಲ್ಲ" ಅಂತಾರೆ. ಈಗ ನಾದಿನಿ ತೂಕದ ಇಂಜೆಕ್ಷನ್ ತೆಗೆದುಕೊಂಡು ಚೆನ್ನಾಗಿ ಇಳಿದಿದ್ದಾಳೆ, ಅವಳ ಹತ್ತಿರ ಒಂದು ಇಂಜೆಕ್ಷನ್ ಪೆನ್ ಉಳಿದಿದೆಯಂತೆ. ತೆಗೆದುಕೊಳ್ಳಲಾ?

ಉತ್ತರ: ಅಕ್ಕಾ, ಮೊದಲು ಆ ಬಾಯಿ ಕಟ್ಟುವ ಮಾತು. ಈ ಪತ್ರ ಮನೆಯವರಿಗೂ ಓದಿ ಹೇಳಿ. ತೂಕ ಇಳಿಸಿದವರನ್ನು ಒಂದು ವರ್ಷದ ಮೇಲೆ ಪರೀಕ್ಷಿಸಿದ ಆಸ್ಟ್ರೇಲಿಯಾದ ಅಧ್ಯಯನ 2011ರಲ್ಲಿ ಬಂತು. ಹಸಿವು ಹುಟ್ಟಿಸುವ ಹಾರ್ಮೋನ್ ಒಂದು ವರ್ಷವಾದರೂ ಏರಿಯೇ ಇತ್ತು. ಹೊಟ್ಟೆ ತುಂಬಿತು, ಸಾಕು ಅನ್ನುವ ಹಾರ್ಮೋನ್ ಇಳಿದೇ ಇತ್ತು. ಅಂದರೆ ನೀವು ತಟ್ಟೆ ಮುಂದೆ ಕೂತಾಗ ನಿಮಗಾಗುವ ಹಸಿವು ನಿಮ್ಮ ಪಕ್ಕ ಕೂತವರ ಹಸಿವಿನಂಥದ್ದಲ್ಲ. 2024ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಇನ್ನೊಂದು ವಿಷಯ ಬರೆದರು: ತೂಕ ಇಳಿದ ಮೇಲೂ ಕೊಬ್ಬಿನ ಕೋಶಗಳು ಹಳೆಯ ಬೊಜ್ಜಿನ ಗುರುತನ್ನು ತಮ್ಮ ಜೀನುಗಳ ಮೇಲೆ ಉಳಿಸಿಕೊಂಡಿರುತ್ತವೆ. ಆ ಗುರುತಿರುವ ಇಲಿಗಳು ಕೊಬ್ಬಿನ ಆಹಾರ ಸಿಕ್ಕಾಗ ಬೇರೆ ಇಲಿಗಳಿಗಿಂತ ಬೇಗ ಮೈ ತುಂಬಿಕೊಂಡವು. ಮೂರು ಸಲ ಹತ್ತು ಕೆ.ಜಿ. ಇಳಿಸಿದ ಹೆಂಗಸಿಗೆ ಮನಸ್ಸು ಗಟ್ಟಿಯಿಲ್ಲ ಅನ್ನುವುದು ಅನ್ಯಾಯ. ನನಗೆ ಇದನ್ನು ಕೇಳಿದಾಗಲೆಲ್ಲ ಬೇಸರವಾಗುತ್ತದೆ.

ಈಗ ಇಂಜೆಕ್ಷನ್. ನಾದಿನಿಯ ಪೆನ್ ಖಂಡಿತ ಬೇಡ. ಇದನ್ನು ಸಣ್ಣ ಡೋಸಿನಿಂದ ಶುರು ಮಾಡಿ ತಿಂಗಳಿಗೊಮ್ಮೆ ಏರಿಸುತ್ತಾರೆ. ಅವಳ ಉಳಿದ ಪೆನ್ ದೊಡ್ಡ ಡೋಸಿನದ್ದಾಗಿದ್ದರೆ ವಾಂತಿ ನಿಲ್ಲದೆ ಸಲೈನ್ ಹಾಕಿಸಿಕೊಳ್ಳಬೇಕಾದೀತು. ಸೂಜಿ ಬದಲಾಯಿಸಿದರೂ ಒಬ್ಬರ ಪೆನ್ ಇನ್ನೊಬ್ಬರು ಬಳಸಬಾರದು, ರಕ್ತದ ಸೋಂಕು ಹರಡಬಹುದು.

ಆದರೆ ಔಷಧಿ ಕೆಟ್ಟದ್ದಲ್ಲ. ನಿಮ್ಮ ಬಿಎಂಐ 35ರ ಹತ್ತಿರ ಇದೆ, ಬಿಪಿಯೂ ಇದೆ. ನಿಮ್ಮಂಥವರಿಗಾಗಿಯೇ ಇದು ಬಂದಿರುವುದು. ಸೆಮಾಗ್ಲುಟೈಡ್ ಅನ್ನುವ ಇಂಜೆಕ್ಷನ್ ತೆಗೆದುಕೊಂಡವರ ತೂಕ 68 ವಾರದಲ್ಲಿ ಸರಾಸರಿ ಶೇ. 15ರಷ್ಟು ಇಳಿಯಿತು ಅಂತ 2021ರಲ್ಲಿ ಗೊತ್ತಾಯಿತು. ಇನ್ನೊಂದು ಇಂಜೆಕ್ಷನ್ ಟಿರ್ಜೆಪಟೈಡ್ ದೊಡ್ಡ ಡೋಸಿನಲ್ಲಿ 72 ವಾರಕ್ಕೆ ಶೇ. 20ರಷ್ಟು ಇಳಿಸಿತು. ನನಗೆ ತೂಕಕ್ಕಿಂತ ಮುಖ್ಯ ಅನಿಸಿದ್ದು ಸೆಮಾಗ್ಲುಟೈಡಿನ 2023ರ ಫಲಿತಾಂಶ. ಮೊದಲೇ ಹೃದಯದ ಅಥವಾ ರಕ್ತನಾಳದ ಕಾಯಿಲೆ ಇದ್ದ 17,604 ಜನರ ಅಧ್ಯಯನದಲ್ಲಿ, ಔಷಧಿ ಸಿಕ್ಕವರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಸೇರಿ ಔಷಧಿ ಸಿಗದವರಿಗಿಂತ ಶೇ. 20ರಷ್ಟು ಕಡಿಮೆಯಾದವು.

ನಾದಿನಿಗೂ ಇದು ಗೊತ್ತಿರಲಿ: ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ವಾಪಸ್ ಬಂತು. ಬಿಪಿ ಮಾತ್ರೆಯ ಹಾಗೆ ಇದೂ ಬಹಳ ದಿನದ ಔಷಧಿ. ಮದುವೆಗೆ ಮುಂಚೆ ನಾಲ್ಕು ತಿಂಗಳು ತೆಗೆದುಕೊಂಡು ಬಿಡುವಂಥದ್ದಲ್ಲ. ದುಡ್ಡಿನ ಲೆಕ್ಕವನ್ನೂ ಹಾಗೇ ಹಾಕಬೇಕು. ಥೈರಾಯ್ಡಿನ ಮೆಡ್ಯುಲರಿ ಕ್ಯಾನ್ಸರ್ ನಿಮಗೋ ರಕ್ತ ಸಂಬಂಧಿಗಳಿಗೋ ಆಗಿದ್ದರೆ ಬೇಡ. ಮೊದಲು ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿದ್ದರೆ, ಪಿತ್ತಕೋಶದಲ್ಲಿ ಕಲ್ಲಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಕೊಬ್ಬಿನ ಜೊತೆ ಮಾಂಸವೂ ಕರಗುತ್ತದೆ. ಅದಕ್ಕೆ ಮೊಟ್ಟೆಯೋ ಮೀನೋ ಕಾಳೋ ದಿನವೂ ತಟ್ಟೆಯಲ್ಲಿರಲಿ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಹತ್ತು ಸಲದಂತೆ ಬೆಳಿಗ್ಗೆ ಸಂಜೆ ಮಾಡಿ.

ಹಾಗಂತ 84ರಿಂದ 60ಕ್ಕೇ ಬರಬೇಕು ಅಂತಿಲ್ಲ. ತೂಕದ ಶೇ. 5ರಿಂದ 10, ನಿಮ್ಮ ಲೆಕ್ಕದಲ್ಲಿ ನಾಲ್ಕರಿಂದ ಎಂಟು ಕೆ.ಜಿ. ಇಳಿದರೇ ಬಿಪಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಮೊಣಕಾಲಿಗಂತೂ ಇನ್ನೂ ಜಾಸ್ತಿ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ನಾಲ್ಕು ಕೆ.ಜಿ. ಕಡಿಮೆಯಾಗುತ್ತದೆ. ಐದು ಕೆ.ಜಿ. ಇಳಿಸಿ ಮುಲುಂಡ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ನೋಡಿ, ಕಾಲೇ ಹೇಳುತ್ತದೆ.

ಪ್ರಶ್ನೆ: ಮಗನಿಗೆ 27 ವರ್ಷ, ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ. ನಿದ್ದೆ ಐದು ತಾಸೂ ಇಲ್ಲ. ಎರಡು ವರ್ಷದಲ್ಲಿ 14 ಕೆ.ಜಿ. ಏರಿದ್ದಾನೆ. ನಿದ್ದೆಗೂ ಬೊಜ್ಜಿಗೂ ಸಂಬಂಧ ಇದೆಯಾ?

ಉತ್ತರ: ಇದೆ. ಕಡಿಮೆ ಮಲಗುವ 80 ಜನರನ್ನು ಅಮೆರಿಕದಲ್ಲಿ ಗಮನಿಸಿ 2022ರಲ್ಲಿ ಪ್ರಕಟಿಸಿದರು. ಅರ್ಧ ಜನರಿಗೆ ರಾತ್ರಿ ಒಂದು ತಾಸು ಚಿಲ್ಲರೆ ಜಾಸ್ತಿ ಮಲಗುವ ಅಭ್ಯಾಸ ಮಾಡಿಸಿದರು. ಬೇರೆ ಯಾವ ಪಥ್ಯವೂ ಇಲ್ಲ. ಅವರು ತಿನ್ನುವುದು ಉಳಿದವರಿಗಿಂತ ದಿನಕ್ಕೆ 270 ಕ್ಯಾಲರಿ ಕಡಿಮೆಯಾಯಿತು. ಹೆಚ್ಚು ಕಡಿಮೆ ಒಂದು ವಡಾ ಪಾವ್‌ನಷ್ಟು.

ಒಂದು ವಿಷಯ ಗಮನಿಸಿ. ಅವನು ಗೊರಕೆ ಹೊಡೆಯುತ್ತಾನಾ? ಗೊರಕೆಯ ನಡುವೆ ಉಸಿರು ನಿಂತ ಹಾಗಾಗಿ ಮತ್ತೆ ಬೆಚ್ಚಿ ಉಸಿರೆಳೆಯುತ್ತಾನಾ? ಹಗಲು ಲೋಕಲ್‌ನಲ್ಲಿ ನಿಂತೇ ತೂಕಡಿಸುತ್ತಾನಾ? ಹಾಗಿದ್ದರೆ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿಟ್ಟುಕೊಂಡು ಶ್ವಾಸಕೋಶದ ಡಾಕ್ಟರಿಗೆ ತೋರಿಸಿ. ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡುವ ಪರೀಕ್ಷೆ, ಬರೆದುಕೊಡುತ್ತಾರೆ. ಅದೇ ದಿನ ಬಿಪಿಯನ್ನೂ ನೋಡಿಸಿ.