ನೆರೆನೀರು ಹೊಕ್ಕ ಸಂಪು: ಬ್ಲೀಚಿಂಗ್ ಪೌಡರ್ ಎಷ್ಟು, ಯಾವಾಗ?

ಪ್ರಶ್ನೆ: ನೆರೆ ಇಳಿದು ಎರಡು ದಿನವಾಯಿತು. ನಮ್ಮ 6,000 ಲೀಟರಿನ ಸಂಪಿಗೆ ಬೀದಿ ನೀರು ನುಗ್ಗಿದೆ. ಎರಡು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿದರೂ ದುರ್ನಾತ ಹೋಗಿಲ್ಲ. ಖಾಲಿ ಮಾಡಿ ತೊಳೆಯಬೇಕೇ?

ಉತ್ತರ: ತೊಳೆಯಲೇಬೇಕು, ಆದರೆ ಅವಸರ ಬೇಡ. ಸುತ್ತಲ ಮಣ್ಣು ನೀರು ಕುಡಿದು ನಿಂತಿರುವಾಗ ಸಂಪನ್ನು ಬರಿದು ಮಾಡಿದರೆ ಹೊರಗಿನ ನೀರು ಅದನ್ನು ಕೆಳಗಿನಿಂದ ಒತ್ತುತ್ತದೆ. ಹೂತಿಟ್ಟ ಪ್ಲಾಸ್ಟಿಕ್ ಟ್ಯಾಂಕ್ ಬೆಂಡಿನಂತೆ ಮೇಲೇಳುತ್ತದೆ; ಕಾಂಕ್ರೀಟಿನದಾದರೆ ತಳ ಬಿರುಕು ಬಿಡಬಹುದು. ಪಕ್ಕದ ಗುಂಡಿಯಲ್ಲೋ ಬಾವಿಯಲ್ಲೋ ನೀರಿನ ಮಟ್ಟ ಸಂಪಿನ ತಳಕ್ಕಿಂತ ಕೆಳಗಿಳಿಯಲಿ. ಅಲ್ಲಿಯವರೆಗೆ ಮೋಟಾರ್ ಹಾಕಲೇಬೇಡಿ. ಆ ನೀರು ಒಮ್ಮೆ ಮೇಲಿನ ಟ್ಯಾಂಕಿಗೆ ಹತ್ತಿತೆಂದರೆ ಪೈಪುಗಳನ್ನೂ ತೊಳೆಯಬೇಕಾಗುತ್ತದೆ.

ನೀವು ಹಾಕಿದ ಪೌಡರ್ ದಂಡವಾಯಿತು. ಕೆಸರು, ಕೊಳೆ ಮೊದಲು ಕ್ಲೋರಿನ್ ತಿಂದುಹಾಕುತ್ತವೆ, ರೋಗಾಣುಗಳ ಪಾಲಿಗೆ ಏನೂ ಉಳಿಯುವುದಿಲ್ಲ. ಅದಕ್ಕೇ ಮೊದಲು ಹೂಳು ತೆಗೆದು, ಗೋಡೆ ಉಜ್ಜಿ, ಆಮೇಲೆ ಪೌಡರ್.

ಒಳಗಿಳಿಯುವ ಮುನ್ನ ಮುಚ್ಚಳ ತೆಗೆದು ಚೆನ್ನಾಗಿ ಗಾಳಿಯಾಡಿಸಿ. ಇಳಿದವರ ಸೊಂಟಕ್ಕೆ ಹಗ್ಗ, ಮೇಲೊಬ್ಬರ ಕಾವಲು. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಇಳಿಯಲೇಬೇಡಿ. ಸ್ವಲ್ಪ ಹೊತ್ತಿಗೆ ವಾಸನೆ ನಿಂತಿತೆಂದು ನಂಬಲೂಬೇಡಿ: ಆ ಅನಿಲಕ್ಕೆ ಮೂಗೇ ಮರಗಟ್ಟುತ್ತದೆ. ನೀರೆತ್ತುವ ಪೆಟ್ರೋಲ್ ಎಂಜಿನ್ ಪಂಪ್ ಹೊರಗೇ ಇರಲಿ, ಅದರ ಹೊಗೆ ಒಳಗಿದ್ದವರ ಜೀವ ತೆಗೆಯುತ್ತದೆ.

ಈಗ ಲೆಕ್ಕ. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು. 6,000 ಲೀಟರಿಗೆ 300 ಗ್ರಾಂ. ಶೇ 30 ಕ್ಲೋರಿನ್ ಇರುವ ಹೊಸ ಪೌಡರ್ ಆದರೆ 1 ಕೆಜಿ. ಬಾಯಿ ಬಿಚ್ಚಿಟ್ಟ, ಗಂಟುಗಟ್ಟಿದ ಪೌಡರಿನಲ್ಲಿ ಶೇ 20 ಕೂಡ ಉಳಿದಿರಲಿಕ್ಕಿಲ್ಲ, ಅದನ್ನು ನೆಚ್ಚಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಿಟ್ಟು ಕಲಸಿದಂತೆ ಕಲಸಿ, ನೀರು ಬೆರೆಸಿ, ಅರ್ಧ ಗಂಟೆ ಬಿಡಿ. ಸುಣ್ಣದ ಗಷ್ಟು ತಳದಲ್ಲೇ ಉಳಿಯಲಿ. ಸಂಪು ಕಾಲುಭಾಗ ತುಂಬಿದಾಗ ತಿಳಿಯನ್ನಷ್ಟೇ ಸುರಿದು, ಉಳಿದ ನೀರು ಬಿಡಿ, ತಾನಾಗಿ ಬೆರೆಯುತ್ತದೆ. ಮೇಲಿನ ಟ್ಯಾಂಕೂ ಕೆಟ್ಟಿದ್ದರೆ ಅದನ್ನೂ ಉಜ್ಜಿ, ಇದೇ ನೀರು ಹತ್ತಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ಘಾಟು ಬರುವವರೆಗೆ ಬಿಟ್ಟು ಮುಚ್ಚಿ. ಫಿಲ್ಟರಿನ ಸಂಪರ್ಕ ಮೊದಲೇ ತಪ್ಪಿಸಿ. ಇಷ್ಟು ಕ್ಲೋರಿನ್ ಆರ್‌ಒ ಪೊರೆಯನ್ನು ಹಾಳುಮಾಡುತ್ತದೆ. 24 ಗಂಟೆ ಬಿಟ್ಟು ಎಲ್ಲ ಚೆಲ್ಲಿ, ಗಿಡಗಳಿಗಲ್ಲ. ಟಾಯ್ಲೆಟ್ ಕ್ಲೀನರ್ ಅಥವಾ ಆಸಿಡ್ ಜೊತೆ ಪೌಡರ್ ಸೇರಿದರೆ ವಿಷಾನಿಲ ಏಳುತ್ತದೆ.

ಪ್ರಶ್ನೆ: ಟ್ಯಾಂಕರ್ ನೀರು ಕ್ಲೋರಿನ್ ನಾರುತ್ತದೆ. ಕುಡಿಯಬಹುದೇ?

ಉತ್ತರ: ತುಸು ವಾಸನೆ ಇದ್ದರೆ ಒಳ್ಳೆಯದೇ. ಟ್ಯಾಂಕರಿನಲ್ಲಿ ಮಾತ್ರವಲ್ಲ, ನಿಮ್ಮ ಕೊಡದಲ್ಲೂ ಪರೀಕ್ಷಿಸಿ: ಉಳಿಕೆ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಇರಬೇಕು. ಇಲ್ಲವಾದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದಮೇಲೆ ಒಂದು ನಿಮಿಷ ಕುದಿಸಿ. ಡೀಸೆಲ್, ಸೀಮೆಎಣ್ಣೆ ವಾಸನೆ ಇದ್ದರೆ ಕುದಿಸಿದರೂ ಪ್ರಯೋಜನವಿಲ್ಲ. ಆ ಟ್ಯಾಂಕರನ್ನು ವಾಪಸ್ ಕಳಿಸಿ.