ಒಳಗೆ ಹೋದ ಹೊಟ್ಟೆ ಎಲ್ಲಿಗೆ ಹೋಯಿತು?

ಹೊಟ್ಟೆ-ಬೆನ್ನಿನ ಬಲಕ್ಕೆ ಹೆಂಗಸರು ಆರು ತಿಂಗಳು ವ್ಯಾಯಾಮ ಮಾಡಬೇಕು ಎಂದು ಹಿಂದಿನ ಸಂಚಿಕೆಯಲ್ಲಿ ನಾನು ಬರೆದದ್ದಕ್ಕೆ ಓದುಗರೊಬ್ಬರು ಖಾರವಾಗಿ ಬರೆದಿದ್ದಾರೆ. ಎರಡು ಮಕ್ಕಳ ತಾಯಿ. “ದಿನಕ್ಕೆ ಹತ್ತು ಗಂಟೆ ಹೊಟ್ಟೆ-ಸೊಂಟ ಬಿಗಿಯೋ ಒಳಉಡುಪು, ಶೇಪ್‌ವೇರ್ ಹಾಕ್ತೀನಿ. ಹೊಟ್ಟೆ ಒಳಗೆ ಹೋಗುತ್ತೆ, ಬೆನ್ನಿಗೂ ಆಧಾರ. ಐದು ನಿಮಿಷದಲ್ಲಿ ಮುಗಿಯೋ ಕೆಲಸಕ್ಕೆ ಆರು ತಿಂಗಳು ವ್ಯಾಯಾಮ ಯಾಕೆ?” ಎಂದು ಕೇಳಿದ್ದಾರೆ. ಕೊನೆಗೆ ಇನ್ನೊಂದು ಸಾಲು: ಸಂಜೆ ಎದೆಯುರಿ, ತೊಡೆಯ ಹೊರಬದಿ ಜೋಮು.

ಪ್ರೀತಿಯ ತಂಗಿ,

ನೀವು ಸುಮ್ನೆ ಕೊನೆಗೆ ಸೇರಿಸಿದ ಆ ಸಾಲನ್ನೇ ನಾನು ಮೂರು ಸಲ ಓದಿದೆ.

ಹೊಟ್ಟೆ ಒಳಗೆ ಹೋಗುತ್ತದೆ ಅಂದಿರಿ. ಎಲ್ಲಿಗೆ ಹೋಗುತ್ತದೆ? ಜಠರ, ಕರುಳು, ಗರ್ಭಕೋಶ ಎಲ್ಲವೂ ಅಲ್ಲೇ ಇರಬೇಕು ಅಲ್ವಾ? ಸುತ್ತಲಿಂದ ಬಿಗಿದರೆ ಒತ್ತಡ ಮೇಲಕ್ಕೂ ಕೆಳಕ್ಕೂ ಬೀಳುತ್ತದೆ. ಮೇಲೆ ಜಠರದ ಹುಳಿ ಅನ್ನನಾಳಕ್ಕೆ ಉಕ್ಕಿ ಎದೆ ಉರಿಯುತ್ತದೆ. ಕೆಳಗೆ ಮೂತ್ರಕೋಶ, ಗರ್ಭಕೋಶಗಳನ್ನು ಹೊತ್ತಿರುವ ತಳದ ಸ್ನಾಯುಗಳ ಮೇಲೆ ಭಾರ. ಹೆರಿಗೆಯಲ್ಲಿ ಮೊದಲೇ ದಣಿದವು ಅವು. ಇನ್ನು ಜೋಮು. ಸೊಂಟದ ಮುಂದಿನ ಮೂಳೆಯ ಪಕ್ಕದಲ್ಲೇ ತೊಡೆಗೆ ಇಳಿಯುವ ಒಂದು ನರವಿದೆ. ಬಿಗಿ ಪಟ್ಟಿ ಅದನ್ನು ಅದುಮಿದರೆ ಹೀಗಾಗಬಹುದು. ಬಟ್ಟೆ ಸಡಿಲ ಮಾಡಿ ನೋಡಿ. ಆಗಲೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ, ತಡ ಮಾಡಬೇಡಿ.

ಒಂದು ಸಂಜೆಯ ಸಮಾರಂಭಕ್ಕೆ ಹಾಕಿಕೊಂಡರೆ ತಪ್ಪೇನಿಲ್ಲ. ಆಪರೇಷನ್ ಆದಮೇಲೆ ವೈದ್ಯರು ಹೇಳಿದ ಬೆಲ್ಟ್ ಬೇರೆ ಮಾತು. ಅಷ್ಟನ್ನು ಒಪ್ಪುತ್ತೇನೆ.

ಎರಡನೇ ಹೆರಿಗೆಯ ನಂತರ ನನಗೂ ಬಗ್ಗಿದರೆ ಏಳಲಾಗದಷ್ಟು ಸೊಂಟನೋವು. ಎರಡು ವರ್ಷ ಅಂಥದ್ದೇ ಬಟ್ಟೆಯೊಳಗೆ ಕಳೆದೆ. ರಾತ್ರಿ ಬಿಚ್ಚುವಾಗ ಮೇಲಂಚು ಸುರುಳಿ ಸುತ್ತಿ ಹಗ್ಗದ ಹಾಗೆ ಆಗಿರುತ್ತಿತ್ತು. ಸೊಂಟದ ಸುತ್ತ ಹೊಲಿಗೆ ಕೆಂಪಗೆ ಅಚ್ಚೊತ್ತಿರುತ್ತಿತ್ತು. ಬೆರಳಾಡಿಸಿದರೆ ಒಂದೊಂದು ಗೆರೆಯೂ ಸಿಗುತ್ತಿತ್ತು. ಬೆಳಿಗ್ಗೆ ಎದ್ದು ಅದೇ ಗೆರೆಯ ಮೇಲೆ ಮತ್ತೆ ಎಳೆದುಕೊಳ್ಳುತ್ತಿದ್ದೆ. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ನನ್ನನ್ನು ಅಂಗಾತ ಮಲಗಿಸಿದರು. ಸೊಂಟದ ಮುಂದಿನ ಎರಡು ಮೂಳೆಗಳ ಒಳಬದಿಯಲ್ಲಿ ನನ್ನದೇ ಬೆರಳು ಇಡಿಸಿ, ಮೆಲ್ಲಗೆ ಕೆಮ್ಮಿ ಅಂದರು. ಬೆರಳಿನ ಕೆಳಗೆ ಏನೋ ಟಕ್ ಅಂತ ಬಿಗಿಯಾಯಿತು. “ಇದೇ ನಿಮ್ಮ ಬೆಲ್ಟು” ಅಂದರು. ಹೆತ್ತದ್ದು ಎರಡು ಸಲ. ಅದೊಂದು ಒಳಗಿದೆ ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ!

ಅದರ ಹೆಸರು ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್. ಹೊಟ್ಟೆಯ ಸ್ನಾಯುಗಳಲ್ಲಿ ಎಲ್ಲಕ್ಕಿಂತ ಒಳಗಿನದು, ನಡುವನ್ನು ಸುತ್ತಿಕೊಂಡಿರುತ್ತದೆ. 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ತೋಳು ಎತ್ತುವ ಮೊದಲೇ ಈ ಸ್ನಾಯು ಬಿಗಿಯಾಗಿ ಬೆನ್ನನ್ನು ಸಜ್ಜು ಮಾಡುತ್ತದೆ. ಬೆನ್ನುನೋವು ಇರುವವರಲ್ಲಿ ಅದು ತಡವಾಗುತ್ತದೆ. ನೀವು ಮಗುವನ್ನು ಎತ್ತಲು ಹೊರಟಿದ್ದೀರಿ ಎಂದು ಎಲಾಸ್ಟಿಕ್‌ಗೆ ಹೇಗೆ ಗೊತ್ತಾಗಬೇಕು?

ಆರು ತಿಂಗಳು ಅಂದರೆ ದಿನಕ್ಕೆ ಹತ್ತು ನಿಮಿಷ, ಅಷ್ಟೇ. ಮಂಡಿ, ಅಂಗೈ ಊರಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಆಮೇಲೆ ಇನ್ನೊಂದು ಬದಿ. ಉಸಿರು ಹಿಡಿಯಬೇಡಿ. ಹೊಟ್ಟೆಯ ನಡುಗೆರೆ ಹೆರಿಗೆಯಲ್ಲಿ ಅಗಲವಾಗಿ ಹಾಗೇ ಉಳಿದಿದ್ದರೆ ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಸಿಟ್-ಅಪ್‌ಗೆ ಇಳಿಯಬೇಡಿ. ನನ್ನ ಹೊಟ್ಟೆ ಚಪ್ಪಟೆ ಆಗಲಿಲ್ಲ. ಆದರೆ ನೀರು ತುಂಬಿದ ಬಕೆಟ್ಟನ್ನು ಹೆದರದೆ ಎತ್ತುತ್ತೇನೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಹಿಂದೆ ಯುರೋಪಿನ ಹೆಂಗಸರು ನಡುವಿಗೆ ಲಾಡಿ ಬಿಗಿದು ತೊಡುತ್ತಿದ್ದ ಉಡುಪು ಕಾರ್ಸೆಟ್; ಆ ಪದದ ಮೂಲ ಅರ್ಥವೇ ‘ಪುಟ್ಟ ಮೈ’. ತಿಮಿಂಗಿಲದ ಬಾಯಿಯ ಪಟ್ಟಿ ಸೇರಿಸಿ ಹೊಲಿದು ಹೆಂಗಸರನ್ನು ಬಿಗಿದರು. 1881ರಲ್ಲೇ ಲಂಡನ್ನಿನಲ್ಲಿ ರ‍್ಯಾಷನಲ್ ಡ್ರೆಸ್ ಸೊಸೈಟಿ ಕಟ್ಟಿ ಹೆಂಗಸರು ಇದರ ವಿರುದ್ಧ ದನಿ ಎತ್ತಿದರು. ಆಮೇಲೆ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಹಿಗ್ಗಿ ಕುಗ್ಗುವ ಸ್ಪ್ಯಾಂಡೆಕ್ಸ್ ನೂಲು ಕಂಡುಹಿಡಿದರು. ಲಾಡಿ ಹೋಗಿ ಎಲಾಸ್ಟಿಕ್ ಬಂತು, ಬಿಗಿಯುವುದು ಹೋಗಲಿಲ್ಲ. ಈಗ ಹನ್ನೆರಡು ವರ್ಷದ ಹುಡುಗಿಯೂ ಫೋಟೋ ಅಂದರೆ ಮೊದಲು ಹೊಟ್ಟೆ ಒಳಗೆಳೆದುಕೊಳ್ಳುತ್ತಾಳೆ. ದಿನವಿಡೀ ಹಾಗೇ ಹಿಡಿದರೆ ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು ವಪೆ ಸರಿಯಾಗಿ ಕೆಳಗಿಳಿಯುವುದಿಲ್ಲ, ಉಸಿರು ಎದೆಯಲ್ಲೇ ನಿಲ್ಲುತ್ತದೆ. ಆ ಮಗುವಿಗೆ ಇದನ್ನು ಕಲಿಸಿದವರು ಯಾರು? ಮನೆಯ ದೊಡ್ಡವರು ನಾವೇ, ಅವಳ ಎದುರು ಕನ್ನಡಿಯಲ್ಲಿ ನಮ್ಮ ಹೊಟ್ಟೆ ನೋಡಿ ಮುಖ ಸಿಂಡರಿಸಿ.

ಇವತ್ತು ರಾತ್ರಿ ಅದನ್ನು ಬಿಚ್ಚಿಟ್ಟು ಅಂಗಾತ ಮಲಗಿ. ಬೆರಳಿಟ್ಟು ಒಮ್ಮೆ ಕೆಮ್ಮಿ. ಕೈಗೆ ಏನು ಸಿಕ್ಕಿತು ಅಂತ ನನಗೆ ಬರೆಯಿರಿ.

– ಸಂಪಾದಕಿ