ಓದುಗರ ಪ್ರಶ್ನೆ, ನಮ್ಮ ಉತ್ತರ: ಟ್ಯಾಬ್ಲೆಟ್ ಮತ್ತು ದೋಣಿಯ ಚುಕ್ಕಾಣಿ

ಪ್ರಶ್ನೆ: ನನ್ನ ತಮ್ಮ ಗೋವಾದಲ್ಲಿ ಒಬ್ಬ ಶ್ರೀಮಂತರ ಹಾಯಿದೋಣಿಯಲ್ಲಿ ಕೆಲಸಕ್ಕಿದ್ದಾನೆ. ಯುಗಾದಿಗೆ ಊರಿಗೆ ಬಂದಾಗ, ಅವನ ಯಜಮಾನರು ಕುರ್ಚಿಯಲ್ಲಿ ಕುಳಿತು ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿದರೆ ದೋಣಿ ತಾನಾಗಿಯೇ ತಿರುಗುತ್ತದೆ ಎಂದು ಹೇಳಿದ. ಮನೆಯಲ್ಲಿ ಯಾರೂ ನಂಬಲಿಲ್ಲ. ತಂತಿಯಿಲ್ಲದೆ ಇದು ಹೇಗೆ ಸಾಧ್ಯ? ನಡುವೆ ಸಂಪರ್ಕ ಕಡಿದುಹೋದರೆ ದೋಣಿಯ ಗತಿಯೇನು?
ಓದುಗರೊಬ್ಬರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ, ಆದರೆ ಅವರ ಕಣ್ಣಿಗೆ ಬಿದ್ದದ್ದು ಅರ್ಧ ಮಾತ್ರ. ಬೆರಳಾಡಿದ್ದು ಟ್ಯಾಬ್ಲೆಟ್ ಮೇಲಾದರೂ ಚುಕ್ಕಾಣಿಯನ್ನು ತಿರುಗಿಸಿದ್ದು ಟ್ಯಾಬ್ಲೆಟ್ ಅಲ್ಲ. ದೋಣಿಯ ಒಳಗೆ, ಪ್ರಯಾಣಿಕರ ಕಣ್ಣಿಗೆ ಕಾಣದ ಜಾಗದಲ್ಲಿ, ಆಟೊಪೈಲಟ್‌ನ ನಿಯಂತ್ರಕ ಪೆಟ್ಟಿಗೆ ಇರುತ್ತದೆ. ದೋಣಿಯ ಮೂತಿ ಯಾವ ದಿಕ್ಕಿಗಿದೆ ಎಂದು ಹೇಳುವ ವಿದ್ಯುನ್ಮಾನ ದಿಕ್ಸೂಚಿ, ಚುಕ್ಕಾಣಿ ಎಷ್ಟು ಹೊರಳಿದೆ ಎಂದು ಅಳೆಯುವ ಸಂವೇದಕ, ಚುಕ್ಕಾಣಿಯನ್ನು ತಳ್ಳುವ ಮೋಟರ್ ಅಥವಾ ಹೈಡ್ರಾಲಿಕ್ ಪಂಪು, ಇವೆಲ್ಲ ಆ ಪೆಟ್ಟಿಗೆಗೆ ಸಾಮಾನ್ಯವಾಗಿ ತಂತಿಯ ಮೂಲಕವೇ ಸೇರಿರುತ್ತವೆ. ಹಿಡಿದ ದಿಕ್ಕಿನಿಂದ ದೋಣಿ ಈಗ ಎಷ್ಟು ತಪ್ಪಿದೆ, ಎಷ್ಟು ಹೊತ್ತಿನಿಂದ ಒಂದೇ ಕಡೆಗೆ ತಪ್ಪುತ್ತಿದೆ, ಎಷ್ಟು ವೇಗದಲ್ಲಿ ಹೊರಳುತ್ತಿದೆ ಎಂಬ ಮೂರು ಲೆಕ್ಕಗಳನ್ನು ಕೂಡಿಸಿ, ಅದು ಚುಕ್ಕಾಣಿಗೆ ಆಜ್ಞೆ ಕೊಡುತ್ತಲೇ ಇರುತ್ತದೆ. ಈ ಲೆಕ್ಕ ಹೊಸದೇನಲ್ಲ. ನುರಿತ ನಾವಿಕನೊಬ್ಬ ಚುಕ್ಕಾಣಿ ಹಿಡಿಯುವ ರೀತಿಯನ್ನೇ ಗಣಿತಕ್ಕೆ ಇಳಿಸಿ, ನಿಕೊಲಾಸ್ ಮಿನೋರ್ಸ್ಕಿ ಎಂಬ ರಷ್ಯಾ ಮೂಲದ ಎಂಜಿನಿಯರ್ 1922ರಲ್ಲಿಯೇ ಅದನ್ನು ಪ್ರಕಟಿಸಿದ್ದರು.

ಹಾಗಾದರೆ ಟ್ಯಾಬ್ಲೆಟ್ ಮಾಡುವುದೇನು? ದೋಣಿಯ ಉಪಕರಣಗಳು ತಮ್ಮತಮ್ಮಲ್ಲಿ ಮಾತನಾಡುವುದಕ್ಕೆ ಒಂದು ಭಾಷೆ ಇದೆ. ಎನ್‌ಎಂಇಎ 0183 ಎಂಬ ಹಳೆಯ ಪದ್ಧತಿಯಲ್ಲಿ ಅದು 82 ಅಕ್ಷರಗಳನ್ನು ಮೀರದ ಪುಟ್ಟ ವಾಕ್ಯಗಳ ರೂಪದಲ್ಲಿ, ಸೆಕೆಂಡಿಗೆ 4800 ಬಿಟ್‌ಗಳ ನಿಧಾನ ಗತಿಯಲ್ಲಿ ಹರಿಯುತ್ತದೆ. ಎನ್‌ಎಂಇಎ 2000 ಎಂಬ ಹೊಸ ಪದ್ಧತಿಯಲ್ಲಿ ಎಲ್ಲ ಉಪಕರಣಗಳೂ ಒಂದೇ ಬೆನ್ನೆಲುಬಿನಂಥ ಕೇಬಲ್ಲಿಗೆ ಜೋಡಣೆಗೊಂಡು ಸೆಕೆಂಡಿಗೆ 2,50,000 ಬಿಟ್‌ಗಳ ವೇಗದಲ್ಲಿ ಮಾತನಾಡುತ್ತವೆ. ಈ ತಂತಿಯ ಮಾತನ್ನು ಕೇಳಿಸಿಕೊಂಡು ವೈಫೈ ಮೂಲಕ ಹರಡುವ ಸಣ್ಣ ಪೆಟ್ಟಿಗೆಗೆ ಗೇಟ್‌ವೇ ಎನ್ನುತ್ತಾರೆ. ನಿಮ್ಮ ತಮ್ಮನ ಯಜಮಾನರು ಟ್ಯಾಬ್ಲೆಟ್‌ನ ನಕ್ಷೆಯ ಮೇಲೆ ದಾರಿಯನ್ನು ಗುರುತಿಸಿದಾಗ, ‘ಹೋಗಬೇಕಾದ ದಿಕ್ಕು ಇಷ್ಟು ಡಿಗ್ರಿ, ನೀನು ಗೆರೆಯಿಂದ ಇಷ್ಟು ಬಲಕ್ಕೆ ಸರಿದಿದ್ದೀಯೆ’ ಎಂಬ ವಾಕ್ಯ ಮತ್ತೆ ಮತ್ತೆ ಗೇಟ್‌ವೇ ದಾಟಿ ಆಟೊಪೈಲಟ್‌ಗೆ ತಲುಪುತ್ತದೆ. ಉಳಿದದ್ದು ಆ ಪೆಟ್ಟಿಗೆಯ ಕೆಲಸ. ಓಪನ್‌ಸಿಪಿಎನ್ ಎಂಬ ಮುಕ್ತ ತಂತ್ರಾಂಶವೂ ಇದೇ ಬಗೆಯ ವಾಕ್ಯಗಳನ್ನು ಕಳುಹಿಸಬಲ್ಲದು.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರೋಣ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದದ್ದು. ಆಟೊಪೈಲಟ್‌ನಲ್ಲಿ ಇಲ್ಲಿ ಗಮನಿಸಬೇಕಾದ ಎರಡು ವಿಧಾನಗಳಿವೆ. ಒಂದರಲ್ಲಿ ಅದು ಕೇವಲ ದಿಕ್ಕನ್ನು ಹಿಡಿದು ಹೋಗುತ್ತದೆ; ಆಗ ವೈಫೈ ಸತ್ತರೂ ದೋಣಿ ಅದೇ ದಿಕ್ಕಿನಲ್ಲಿ ಸಾಗುತ್ತಿರುತ್ತದೆ, ಏಕೆಂದರೆ ದಿಕ್ಸೂಚಿ ದೋಣಿಯಲ್ಲೇ ಇದೆ. ಇನ್ನೊಂದರಲ್ಲಿ ಅದು ಟ್ಯಾಬ್ಲೆಟ್ ಕಳುಹಿಸುವ ವಾಕ್ಯಗಳನ್ನು ಅನುಸರಿಸುತ್ತದೆ. ವಾಕ್ಯ ಬರುವುದು ನಿಂತರೆ ಏನಾಗುತ್ತದೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಆದ್ದರಿಂದ ಕೈಪಿಡಿಯನ್ನು ಓದಿ ತೃಪ್ತರಾಗದೆ, ಸುತ್ತ ಯಾವ ದೋಣಿಯೂ ಇಲ್ಲದ ಶಾಂತ ನೀರಿನಲ್ಲಿ, ಒಬ್ಬರು ಚುಕ್ಕಾಣಿಯ ಬಳಿ ನಿಂತಿರುವಾಗ, ಟ್ಯಾಬ್ಲೆಟ್‌ನ ವೈಫೈಯನ್ನು ಬೇಕೆಂದೇ ಆಫ್ ಮಾಡಿ ನೋಡಬೇಕು. ಸಂಪರ್ಕ ಕಡಿಯಲು ಬಿರುಗಾಳಿಯೇ ಬರಬೇಕಾಗಿಲ್ಲ. ಗೇಟ್‌ವೇಯ ವೈಫೈನಲ್ಲಿ ಇಂಟರ್ನೆಟ್ ಇಲ್ಲದಿರುವುದನ್ನು ಕಂಡು ಟ್ಯಾಬ್ಲೆಟ್ ತಾನಾಗಿ ಮೊಬೈಲ್ ಡೇಟಾಕ್ಕೆ ಜಾರಿಕೊಳ್ಳಬಹುದು, ಅಥವಾ ಬೇರೊಂದು ಆ್ಯಪ್ ತೆರೆದಾಗ ನಕ್ಷೆಯ ಆ್ಯಪ್ ಹಿಂದೆ ಸರಿದು ನಿದ್ದೆ ಹೋಗಬಹುದು. ಇನ್ನೂ ಒಂದು ಸೂಕ್ಷ್ಮವಿದೆ. ವೈಫೈ ಮೇಲೆ ಈ ವಾಕ್ಯಗಳನ್ನು ಸಾಗಿಸುವ ಕ್ರಮಗಳಲ್ಲಿ ಟಿಸಿಪಿ ಎಂಬುದರಲ್ಲಿ ಕಳೆದುಹೋದ ಮಾಹಿತಿಯನ್ನು ಮತ್ತೆ ಕಳುಹಿಸಲಾಗುವುದರಿಂದ, ಸಂಪರ್ಕ ದುರ್ಬಲವಾದಾಗ ಹಳೆಯ ವಾಕ್ಯಗಳು ಸಾಲುಗಟ್ಟಿ ತಡವಾಗಿ ಬರುತ್ತವೆ. ಯುಡಿಪಿ ಎಂಬ ಇನ್ನೊಂದು ಕ್ರಮದಲ್ಲಿ ಹೋದದ್ದು ಹೋಯಿತು, ಬಂದದ್ದು ತಾಜಾ. ಚುಕ್ಕಾಣಿಯ ವಿಷಯದಲ್ಲಿ ಹಳಸಿದ ಮಾಹಿತಿಗಿಂತ ಮಾಹಿತಿ ಇಲ್ಲದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಈ ಎಲ್ಲದರ ಜೊತೆಗೆ, ಆಟೊಪೈಲಟ್ ಯಾವ ವಿಧಾನದಲ್ಲೇ ಇರಲಿ, ಎದುರಿನ ದೋಣಿಯನ್ನು ಅದು ನೋಡುವುದಿಲ್ಲ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು, ಕಣ್ಣು ಕಿವಿಗಳಿಂದ ಸದಾ ಕಾವಲಿರಬೇಕು ಎಂದು ವಿಧಿಸುತ್ತದೆ. ಕುರ್ಚಿಯಲ್ಲಿ ಕುಳಿತ ಯಜಮಾನರ ನೋಟ ಟ್ಯಾಬ್ಲೆಟ್ ಮೇಲಿದ್ದರೆ, ನಿಮ್ಮ ತಮ್ಮನ ನೋಟವಾದರೂ ನೀರಿನ ಮೇಲಿರಲಿ.

ಮನೆಯವರು ನಂಬದಿದ್ದುದು ಸಹಜ. ನಿಮ್ಮ ಭಾಗದಲ್ಲಿ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಜನ ಕೃಷ್ಣೆಯನ್ನು ದಾಟುತ್ತಿದ್ದುದು ಹರಿಗೋಲಿನಲ್ಲಿ. ಹರಿಗೋಲು ಗುಂಡಗಿರುತ್ತದೆ, ಅದಕ್ಕೆ ಮೂತಿಯೂ ಇಲ್ಲ, ಚುಕ್ಕಾಣಿಯೂ ಇಲ್ಲ. ‘ಯಾವ ದಿಕ್ಕಿಗೆ ಮುಖ ಮಾಡಿದೆ’ ಎಂಬ ಪ್ರಶ್ನೆಯೇ ಹುಟ್ಟದ ಆ ದೋಣಿಗೆ ಯಾವ ಆಟೊಪೈಲಟ್ಟೂ ಹೊಂದುವುದಿಲ್ಲ. ಅಲ್ಲಿ ಹುಟ್ಟು ಹಾಕುವವರ ತೋಳೇ ಎಲ್ಲವೂ.

ಪ್ರಶ್ನೆ: ಕಾರಂಜಾ ಜಲಾಶಯದಲ್ಲಿ ಮೋಟರ್ ದೋಣಿಯಲ್ಲಿ ಸುತ್ತಾಡುವಾಗ ನಕ್ಷೆ ನೋಡಲೆಂದು ಹಳೆಯ ಐಪ್ಯಾಡ್ ಒಯ್ದಿದ್ದೆ. ಮನೆಯಲ್ಲಿ ಸರಿಯಾಗಿ ಜಾಗ ತೋರಿಸುತ್ತಿದ್ದ ಅದು ನೀರಿನ ಮೇಲೆ ಏನೂ ತೋರಿಸಲಿಲ್ಲ. ಕೆಟ್ಟಿದೆಯೇ?
ಓದುಗರೊಬ್ಬರು, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಕೆಟ್ಟಿಲ್ಲ. ಸಿಮ್ ಸೌಲಭ್ಯವಿಲ್ಲದ, ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ. ಮನೆಯಲ್ಲಿ ಅದು ಸುತ್ತಲಿನ ವೈಫೈಗಳನ್ನು ಗುರುತು ಹಿಡಿದು ಜಾಗವನ್ನು ಊಹಿಸುತ್ತಿತ್ತು. ಜಲಾಶಯದ ನಡುವೆ ಊಹಿಸಲು ಆಧಾರವೇ ಇಲ್ಲ. ಬ್ಲೂಟೂತ್ ಜಿಪಿಎಸ್ ಗ್ರಾಹಕವೊಂದನ್ನು ಜೋಡಿಸಿದರೆ ಸಾಕು. ಅಲ್ಲದೆ ಐಪ್ಯಾಡ್ ಬಳಸಲು ತಯಾರಕರೇ ಹೇಳುವ ಮಿತಿ 35 ಡಿಗ್ರಿ ಸೆಲ್ಸಿಯಸ್. ನಮ್ಮ ಕಡೆಯ ಬೇಸಿಗೆಯಲ್ಲಿ ನೆರಳಿನಲ್ಲಿಯೇ ಅದನ್ನು ಮೀರುತ್ತದೆ. ಬಿಸಿಲಿಗೆ ಇಟ್ಟರೆ ಪರದೆ ಮೊದಲು ಮಂಕಾಗಿ, ಆಮೇಲೆ ಪೂರ್ತಿ ಆರಿಹೋಗುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ. ಬೆಣ್ಣೆತೊರೆ ಜಲಾಶಯದ ಆಳ ಅಳೆದು ಹೂಳಿನ ಅಂದಾಜು ಮಾಡಲು, ಟ್ಯಾಬ್ಲೆಟ್‌ನಿಂದ ನಡೆಸುವ ಜನರಿಲ್ಲದ ಪುಟ್ಟ ದೋಣಿಯೊಂದನ್ನು ನಮ್ಮ ವಿದ್ಯಾರ್ಥಿಗಳು ಕಟ್ಟುತ್ತಿದ್ದಾರೆ. ಯಾವ ಎಚ್ಚರ ವಹಿಸಬೇಕು?
ಓದುಗರೊಬ್ಬರು, ಕಲಬುರಗಿ

ಉತ್ತರ: ಜನರಿಲ್ಲದ ವಾಹನಗಳನ್ನು ನಡೆಸುವ ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶದ ರೋವರ್ ಆವೃತ್ತಿ ದೋಣಿಗಳಿಗೂ ಒಗ್ಗುತ್ತದೆ, ಅದಕ್ಕೆ ಆಜ್ಞೆ ಕೊಡಲು ಆ್ಯಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಕ್ಯೂಗ್ರೌಂಡ್‌ಕಂಟ್ರೋಲ್ ಎಂಬ ಆ್ಯಪ್ ಬಳಸಬಹುದು. ದಾರಿಯನ್ನು ಮೊದಲೇ ದೋಣಿಯ ಪೆಟ್ಟಿಗೆಗೆ ತುಂಬಿ ಕಳುಹಿಸುವುದು ಸರಿಯಾದ ಕ್ರಮ. ಟ್ಯಾಬ್ಲೆಟ್‌ನಿಂದ ಕ್ಷಣಕ್ಷಣವೂ ತಿರುಗಿಸುತ್ತ ಕೂರುವುದು ಸರಿಯಲ್ಲ.

ದೋಣಿಗೂ ಟ್ಯಾಬ್ಲೆಟ್‌ಗೂ ಸಂಪರ್ಕ ಕಲ್ಪಿಸುವ ರೇಡಿಯೊ ಕೊಳ್ಳುವಾಗ ಎಚ್ಚರಿಕೆ ಬೇಕು. ಅಂತರ್ಜಾಲದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 915 ಮೆಗಾಹರ್ಟ್ಸ್‌ನ ರೇಡಿಯೊ ಜೋಡಿ ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ಆವರ್ತನಗಳ ಪಟ್ಟಿಯೊಳಗೆ ಬರುವುದಿಲ್ಲ. 865ರಿಂದ 868 ಮೆಗಾಹರ್ಟ್ಸ್ ಬರುತ್ತದೆ. ವೈಫೈನ 2.4 ಗಿಗಾಹರ್ಟ್ಸ್ ಕೂಡ ಕಾನೂನಿಗೆ ಒಪ್ಪಿತವಾದರೂ ಟ್ಯಾಬ್ಲೆಟ್‌ನ ವೈಫೈ ದೂರಕ್ಕೆ ನಿಲುಕದು. ಆಂಟೆನಾವನ್ನು ನೀರಿನ ಮಟ್ಟದಿಂದ ಆದಷ್ಟು ಎತ್ತರದಲ್ಲಿ ನಿಲ್ಲಿಸಿರಿ.

ಸಂಪರ್ಕ ತಪ್ಪಿದಾಗ ದೋಣಿ ಏನು ಮಾಡಬೇಕೆಂದು ತಂತ್ರಾಂಶ ನಿಮ್ಮನ್ನು ಮೊದಲೇ ಕೇಳುತ್ತದೆ, ಮತ್ತು ಇಲ್ಲಿಯೇ ವಿದ್ಯಾರ್ಥಿಗಳು ಎಡವುವುದು. ‘ಹೋಲ್ಡ್’ ಎಂದರೆ ದೋಣಿ ಇದ್ದಲ್ಲೇ ನಿಲ್ಲುತ್ತದೆ ಎಂದು ಭಾವಿಸುತ್ತಾರೆ; ನಿಲ್ಲುವುದು ಮೋಟರ್ ಮಾತ್ರ, ದೋಣಿ ಗಾಳಿ ಎಳೆದತ್ತ ತೇಲಿಹೋಗುತ್ತದೆ. ‘ಆರ್‌ಟಿಎಲ್’ (ರಿಟರ್ನ್ ಟು ಲಾಂಚ್) ಕೊಟ್ಟರೆ ಹೊರಟ ಜಾಗಕ್ಕೆ ನೇರ ಗೆರೆಯಲ್ಲಿ ಮರಳುತ್ತದೆ. ಆ ಗೆರೆಯ ಮೇಲೆ ದಿಬ್ಬವಿದ್ದರೂ ಮುಳುಗಿದ ಜಾಲಿಮರವಿದ್ದರೂ ಅದಕ್ಕೆ ತಿಳಿಯದು. ‘ಸ್ಮಾರ್ಟ್ ಆರ್‌ಟಿಎಲ್’ ಬಂದ ದಾರಿಯನ್ನೇ ಹಿಡಿದು ಹಿಂದಿರುಗುವುದರಿಂದ ಜಲಾಶಯದ ಕೆಲಸಕ್ಕೆ ಅದನ್ನೇ ಆರಿಸಿಕೊಳ್ಳಿರಿ. ಮೀನುಗಾರರ ಬಲೆ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಯಾವ ಆಯ್ಕೆಯೂ ಉಪಯೋಗಕ್ಕೆ ಬಾರದು. ಆದ್ದರಿಂದ ಹಿಂದಿನ ದಿನವೇ ಮೀನುಗಾರರನ್ನು ಕಂಡು, ಬಲೆ ಬಿಟ್ಟಿರುವ ಕಡೆಗಳನ್ನು ಕೇಳಿ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿರಿ. ಅದರ ಜೊತೆಗೆ, ದೋಣಿಯನ್ನು ಎಳೆದು ತರಲು ಜೀವರಕ್ಷಕ ಜಾಕೆಟ್ ತೊಟ್ಟ ಇಬ್ಬರಿರುವ ಇನ್ನೊಂದು ದೋಣಿ ದಡದಲ್ಲಿ ಸಿದ್ಧವಿರಲಿ. ಜಲಾಶಯದ ಅಧಿಕಾರಿಗಳ ಲಿಖಿತ ಅನುಮತಿ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆಳದ ಲೆಕ್ಕದಲ್ಲಿಯೂ ಒಂದು ಮಾತು. ಶಬ್ದ ಹೋಗಿ ಬರುವ ಸಮಯದಿಂದ ಆಳ ಅಳೆಯುವ ಯಂತ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್ ಎಂದು ಮೊದಲೇ ತುಂಬಿರುವುದುಂಟು. 20 ಡಿಗ್ರಿ ಉಷ್ಣತೆಯ ಸಿಹಿನೀರಿನಲ್ಲಿ ಅದು ಸುಮಾರು 1480. ನೀರಿನ ಉಷ್ಣತೆ ನೋಡಿ ತಿದ್ದಿಕೊಳ್ಳಿರಿ. ಯಂತ್ರ ಕೊಡುವುದು ಅಂದಿನ ನೀರಿನ ಮಟ್ಟದಿಂದ ಕೆಳಗಿನ ಆಳವಾದ್ದರಿಂದ, ಅಣೆಕಟ್ಟಿನ ಕಚೇರಿಯಲ್ಲಿ ಅಂದು ದಾಖಲಾದ ಮಟ್ಟವನ್ನು ಬರೆದುಕೊಂಡು, ಅದರಿಂದ ಈ ಆಳವನ್ನು ಕಳೆದರೆ ಮಾತ್ರ ಜಲಾಶಯದ ತಳದ ಎತ್ತರ ಸಿಗುತ್ತದೆ. ಈ ಕೆಲಸಕ್ಕೆ ಮೇ ತಿಂಗಳು ಬೇಡ. ಮಳೆಗಾಲ ಮುಗಿದು ಜಲಾಶಯ ತುಂಬಿದ ಮೇಲೆ, ನವೆಂಬರ್‌ನಲ್ಲಿ, ಗಾಳಿ ಏಳುವ ಮೊದಲು ಬೆಳಗಿನ ಹೊತ್ತಿನಲ್ಲಿ ಇಳಿಯಿರಿ.